ತಲೆದೂಗಿದ ನ್ಯಾಯಾಧೀಶರು

ಹಣೆಗೆ ಮರೆಪಟ್ಟಿ ಬಿಗಿದ ಕೂಡಲೇ ನ್ಯಾಯಾಧೀಶ ಶ್ರೀಕಂಠಯ್ಯನವರು ತಾವು ಯಾರೆಂಬುದನ್ನು ಮರೆತರು. ಹೆಸರು, ಹುಟ್ಟಿದ ಊರು, ಜಾತಿ, ಹೆಂಡತಿ ಮಕ್ಕಳು ಎಲ್ಲವೂ ಮನಸ್ಸಿನಿಂದ ಮೆಲ್ಲಗೆ ಸರಿದುಹೋದವು. ಕಾನೂನು ಮಾತ್ರ ಉಳಿಯಿತು. ಮಿದುಳಿನಲ್ಲಿ ‘ನಾನು, ನನ್ನದು’ ಎಂಬ ನೆನಪುಗಳನ್ನು ಕೂಡಿಸುವ ಭಾಗವನ್ನಷ್ಟೇ ಪಟ್ಟಿಯೊಳಗಿನ ಸಣ್ಣ ಕಾಂತಸುರುಳಿಗಳು ಮಲಗಿಸುತ್ತಿದ್ದವು. ತಾನು ಬಡವನೋ ಶ್ರೀಮಂತನೋ, ಯಾವ ಪೈಕಿಯವನೋ ತಿಳಿಯದವನು ಯಾರ ಪಕ್ಷ ವಹಿಸಿಯಾನು? ಆ ಒಂದು ಪ್ರಶ್ನೆಯ ಬೆನ್ನು ಹತ್ತಿ ಡಾಕ್ಟರ್ ಸುವ್ರತಾ ಅರ್ಧ ಆಯುಷ್ಯ ಸವೆಸಿ ಈ ಪಟ್ಟಿ ರೂಪಿಸಿದ್ದರು. ಈ ಮೊಕದ್ದಮೆಯಲ್ಲಿ ಪಟ್ಟಿ ಗೆದ್ದರೆ ರಾಜ್ಯದ ಎಲ್ಲ ನ್ಯಾಯಾಲಯಗಳಿಗೂ ಅದು ಬರಲಿತ್ತು.

ವಾದಪತ್ರಗಳನ್ನು ಯಂತ್ರಗಳೇ ಬರೆಯುತ್ತಿದ್ದ ಕಾಲವದು. ನಂಬುವ ಕೆಲಸ ಮಾತ್ರ ಮನುಷ್ಯರಿಗೆ ಉಳಿದಿತ್ತು.

ಕಟಕಟೆಯಲ್ಲಿ ಕ್ರೇನ್ ಓಡಿಸುವ ಯಮನೂರಪ್ಪ ನಿಂತಿದ್ದ. ಹಳೆಯ ಗಿರಣಿಯೊಂದನ್ನು ಕೆಡವುವಾಗ ಗೋಡೆ ಕುಸಿದು ಕೂಲಿಯೊಬ್ಬ ಸತ್ತಿದ್ದ.

“ಗ್ವಾಡಿ ಬಿರುಕು ಬಿಟ್ಟೈತ್ರಿ, ಒಳಗ ಮಂದಿ ಅದಾರ, ಈಗ ಬ್ಯಾಡ ಅಂದ್ನಿರಿ. ಇಂಜಿನೇರ್ ಸಾಹೇಬ್ರು ಎತ್ತಲೇ ಅಂದ್ರು. ಎತ್ತಿದ್ನಿರಿ.”

ಮೈಸೂರು ಕಡೆಯ ಎಂಜಿನಿಯರ್ ಪ್ರಸನ್ನಕುಮಾರ್ ಸರದಿ ಬಂತು. “ನಿಲ್ಲಿಸಪ್ಪಾ ಅಂತ ನಾನೇ ಕೂಗಿದೆ ಸ್ವಾಮಿ. ಈತ ಕೇಳಿಸ್ಕೊಳ್ಳಲೇ ಇಲ್ಲ. ಏನ್ಮಾಡೋದು ಹೇಳಿ?”

ಬೇರೆ ಸಾಕ್ಷಿ ಇರಲಿಲ್ಲ. ಕ್ಯಾಮೆರಾಗಳು ಕಂಡದ್ದು ಬರೀ ಧೂಳು. ಯಾರ ಮಾತನ್ನು ನಂಬುವುದು ಎಂಬುದರ ಮೇಲೆಯೇ ಯಮನೂರಪ್ಪನ ಜೈಲು ನಿಂತಿತ್ತು.

ಪ್ರಸನ್ನಕುಮಾರ್ ಮಾತಾಡುವಾಗ ಸುವ್ರತಾ ಒಂದು ಸಂಗತಿ ಕಂಡರು. ಅವರ ಒಂದೊಂದು ವಾಕ್ಯ ಮುಗಿದಾಗಲೂ ನ್ಯಾಯಾಧೀಶರು ನವಿರಾಗಿ ತಲೆದೂಗುತ್ತಿದ್ದರು. ಈ ತಲೆದೂಗುವಿಕೆ ಸುವ್ರತಾಗೆ ಹೊಸದಲ್ಲ. ಅಜ್ಜ ಪಡಸಾಲೆಯಲ್ಲಿ ಕಾವ್ಯ ಓದುತ್ತಿದ್ದಾಗ ಪದ್ಯದ ಅರ್ಥ ಹೇಳುವ ಮೊದಲೇ ಕೇಳುವವರ ತಲೆ ಹೀಗೆ ತೂಗುತ್ತಿತ್ತು. ಅರ್ಥಕ್ಕಲ್ಲ, ಪರಿಚಯದ ರಾಗಕ್ಕೆ. ಯಮನೂರಪ್ಪನ ಮಾತಿಗೆ ಆ ತಲೆ ಒಮ್ಮೆಯೂ ಅಲುಗಿರಲಿಲ್ಲ.

ವಿರಾಮದಲ್ಲಿ ಹೊರಗೆ ಬಂದರೆ ಯಮನೂರಪ್ಪನ ಹೆಂಡತಿ ನೀಲವ್ವ ಅಡ್ಡ ನಿಂತಳು.

“ಅಕ್ಕಾರ, ಸಾಹೇಬ್ರು ತಮ್ಮ ಹೆಸರ ಮರ್ತಾರಂತ, ಖರೇ ಏನ್ರಿ? ನನ್ನ ಗಂಡನ ಹೆಸರರ ನೆನಪೈತೋ ಇಲ್ಲೋ, ಒಂದೀಟು ಕೇಳಿ ಬರ್ರಿ!”

ಸುವ್ರತಾಗೆ ನಗು ಬರಲಿಲ್ಲ.

ಪಟ್ಟಿಯ ಪರೀಕ್ಷೆಯ ನಿಯಮದಂತೆ ನ್ಯಾಯಾಧೀಶರು ತೀರ್ಪಿಗೆ ಮೊದಲು ತಮ್ಮ ಒಲವನ್ನು ಸುವ್ರತಾಗೆ ತಿಳಿಸಬೇಕಿತ್ತು. ಪಟ್ಟಿ ಇನ್ನೂ ಹಣೆಯ ಮೇಲಿತ್ತು.

“ಆ ಎಂಜಿನಿಯರ್ ಹೇಳಿದ್ದು ನಿಜ,” ಎಂದರು ಶ್ರೀಕಂಠಯ್ಯ. “ಯಾಕೆ ಅಂತ ಹೇಳೋಕಾಗಲ್ಲ. ನಿಜ ಅನ್ನಿಸ್ತು, ಅಷ್ಟೆ.”

ತಮ್ಮೂರೂ ಮೈಸೂರಿನ ಬದಿಯದೇ ಎಂಬುದು ಆಗ ಅವರಿಗೆ ತಿಳಿದಿರಲಿಲ್ಲ. ಸುವ್ರತಾಗೆ ತಿಳಿದಿತ್ತು.

ಅವರು ಇಬ್ಬರ ಹೇಳಿಕೆಗಳನ್ನೂ ದನಿ ಸಮಮಾಡುವ ಯಂತ್ರಕ್ಕೆ ಹಾಕಿದರು. ಊರಿನ ಗುರುತು ಅಳಿಸಿದ ಪುಸ್ತಕದ ಕನ್ನಡದಲ್ಲಿ, ಏರಿಳಿತವಿಲ್ಲದ ಒಂದೇ ಗಂಟಲಿನಲ್ಲಿ ಎರಡನ್ನೂ ಕೇಳಿಸಿದರು. ಈ ಸಲ ತಲೆದೂಗಲಿಲ್ಲ. ಸುವ್ರತಾ ನೆಮ್ಮದಿಯ ಉಸಿರು ಬಿಡುವಷ್ಟರಲ್ಲಿ ಶ್ರೀಕಂಠಯ್ಯನವರ ಮುಖ ಗಂಟಿಕ್ಕಿತು.

“ಇಬ್ಬರೂ ಬಾಯಿಪಾಠ ಒಪ್ಪಿಸಿದ ಹಾಗಿದೆ. ಒಬ್ಬರನ್ನೂ ನಂಬೋಕಾಗ್ತಿಲ್ಲ.” ಅವರು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು. “ನಿಮ್ಮನ್ನೂ ಅಷ್ಟೇ. ನೀವು ಯಾರು? ನನ್ನ ಹಣೆಗೆ ಇದನ್ನ ಯಾಕೆ ಕಟ್ಟಿದೀರಿ?”

ಆ ಕಣ್ಣುಗಳಲ್ಲಿ ತೂಗಿ ನೋಡುವ ಅನುಮಾನವಿರಲಿಲ್ಲ, ಬರೀ ಅಂಜಿಕೆ ಇತ್ತು. ಯಾರವನೂ ಅಲ್ಲದವನಿಗೆ ನಂಬಲು ಯಾರೂ ಉಳಿದಿರಲಿಲ್ಲ. ಸುವ್ರತಾ ಪಟ್ಟಿ ಬಿಚ್ಚಿದರು. ಶ್ರೀಕಂಠಯ್ಯನವರಿಗೆ ನೆನಪು ತುಂಬಿಕೊಂಡ ಮೇಲೆ ತಾವು ಕಂಡದ್ದನ್ನೆಲ್ಲ ಹೇಳಿದರು.

“ಅಂದ್ರೆ ನಾನು ಪಕ್ಷಪಾತಿ ಅಂತೀರಾ?” ಶ್ರೀಕಂಠಯ್ಯ ಕೆಂಡವಾದರು.

“ನೀವಲ್ಲ, ನಿಮ್ಮ ಕಿವಿ, ಸರ್. ನನ್ನದೂ ಅದೇ ಕಥೆ. ನಾನೂ ಆ ಎಂಜಿನಿಯರನ್ನೇ ನಂಬಿದ್ದೆ.”

“ಇದನ್ನ ಹೊರಗೆ ಹೇಳಿದ್ರೆ ನಿಮ್ಮ ಪಟ್ಟಿ ಇವತ್ತಿಗೇ ಮುಗೀತು. ಗೊತ್ತು ತಾನೆ?”

“ಗೊತ್ತು. ವರದೀಲಿ ಬರೀತೀನಿ.”

ಶ್ರೀಕಂಠಯ್ಯ ಪಟ್ಟಿಯನ್ನು ಮೇಜಿನ ಅಂಚಿಗೆ ಸರಿಸಿದರು. ಆಮೇಲೆ ಬರಿಯ ಹಣೆಯಲ್ಲೇ ಪೀಠಕ್ಕೆ ಹೋದರು.

“ಯಮನೂರಪ್ಪ, ನಾನು ಮೈಸೂರು ಕಡೆಯವನು. ಎಂಜಿನಿಯರ್ ಮಾತು ನನಗೆ ಮನೆಯವರ ಮಾತಿನ ಹಾಗೆ ಕೇಳ್ಸತ್ತೆ. ನಿಮ್ಮದು ಅಷ್ಟು ಸಲೀಸಾಗಿ ಒಳಗಿಳಿಯಲ್ಲ. ಅದು ನನ್ನ ತೊಂದರೆ, ನಿಮ್ಮ ತಪ್ಪಲ್ಲ. ಮೊದಲಿನಿಂದ ಹೇಳಿ.”

ಎಂಜಿನಿಯರ್ ಪರ ವಕೀಲರು ಎದ್ದರು. ಶ್ರೀಕಂಠಯ್ಯ ಕೈಸನ್ನೆಯಿಂದಲೇ ಅವರನ್ನು ಕೂರಿಸಿದರು.

“ಮೊದಲಿಂದ ಅಂದ್ರ, ಎಲ್ಲಿಂದ್ರಿ?”

“ನಿಮಗೆ ಎಲ್ಲಿಂದ ಶುರುವಾಯ್ತೋ ಅಲ್ಲಿಂದ.”

“ಹಂಗಾರ ರಾಚಪ್ಪನಿಂದ ಹೇಳ್ತೇನ್ರಿ.”

ಅದು ಸತ್ತವನ ಹೆಸರೆಂದು ಹೊಳೆಯಲು ಸುವ್ರತಾಗೆ ಒಂದು ಗಳಿಗೆ ಹಿಡಿಯಿತು. ಅಲ್ಲಿಯವರೆಗೆ ಎಲ್ಲರೂ ಅವನನ್ನು ‘ಮೃತ’ ಎಂದಷ್ಟೇ ಕರೆಯುತ್ತಿದ್ದರು. ಆ ಹೆಸರು ಕಿವಿಗೆ ಬಿದ್ದೊಡನೆ ತಮ್ಮ ಮನಸ್ಸು ಯಮನೂರಪ್ಪನತ್ತ ವಾಲಿದ್ದನ್ನು ಅವರು ಕಂಡುಕೊಂಡರು. ಆ ವಾಲುವಿಕೆಯನ್ನೂ ಅನುಮಾನದಿಂದಲೇ ನೋಡುತ್ತ, ಕುತ್ತಿಗೆ ನೆಟ್ಟಗಿರಿಸಿಕೊಂಡು, ಕೇಳತೊಡಗಿದರು.