ಆಚೆ ಇಟ್ಟ ಬಲೆ

"ಇದನ್ನ ಆಚೆ ಇಡ್ಸಿ ಮೇಡಮ್."

ಹಿಂದೂಪುರದ ವಿಜ್ಞಾನ ಪ್ರದರ್ಶನದ ಬಾಗಿಲಲ್ಲಿ ಜ್ಯೋತಿಲಕ್ಷ್ಮಿ ಟೀಚರ್ ಹಾಗೇ ನಿಂತುಬಿಟ್ಟಳು.

ಅದೇ ದನಿ! ಕಲ್ಯಾಣದುರ್ಗದ ಪಾಲಿಟೆಕ್ನಿಕ್ಕಿನಿಂದ ಆರು ತಿಂಗಳು ಫೋನಿನಲ್ಲೇ ಅವಳ ಶಾಲೆಯ ಮಕ್ಕಳಿಗೆ ಯಂತ್ರವಿನ್ಯಾಸ ಕಲಿಸಿದ ಮುರಳಿಕೃಷ್ಣ. ಇವತ್ತು ತೀರ್ಪುಗಾರ. ಮುಖ ನೋಡುತ್ತಿರುವುದು ಇದೇ ಮೊದಲು... ಮೊದಲ ಮಾತೇ ಇದಾ?

ಅವಳ ಹುಡುಗಿಯರು ಹೊತ್ತು ತಂದದ್ದು ಬಿದಿರು, ಹರಿದ ಸೊಳ್ಳೆಪರದೆ, ಖಾಲಿ ಬಾಟಲಿ ಕಟ್ಟಿದ ಬಲೆ. ಮೋರಿಯ ಪ್ಲಾಸ್ಟಿಕ್ಕು ಪೆನ್ನಾ ನದಿ ಸೇರಿ ಕಡಲಿಗೆ ಹೋಗುವ ಮೊದಲೇ ತಡೆಯಬೇಕೆಂದು ಮಾಡಿದ್ದು. ನಾಲ್ಕು ಸಲ ಕೊಚ್ಚಿಹೋಗಿ ಐದನೇ ಸಲ ನಿಂತಿತ್ತು. ಹೌದು, ನಾರುತ್ತಿತ್ತು.

ಒಳಗೆ ಫ್ಯಾನಿನ ಕೆಳಗೇನಿತ್ತು ಗೊತ್ತೇ? ಅಂಗಡಿಯಿಂದ ತಂದ ಹೊಸ ಥರ್ಮಾಕೋಲಿನ ಸಮುದ್ರ! ಕಡಲ ಕಸದ ಕಥೆ ಹೇಳಲು ಬೇರೊಂದು ಶಾಲೆಯವರು ಹೊಸ ಕಸ ಕೊಂಡು ತಂದಿದ್ದರು. ಉಳಿದಿಬ್ಬರು ತೀರ್ಪುಗಾರರು ಅದರ ಮುಂದೆಯೇ ತಲೆದೂಗುತ್ತಿದ್ದರು.

'ಇವನೂ ಅಂಥವನೇ... ಈ ದನಿಗಾ ನಾನು ಮನಸೋತದ್ದು?'

ವಾಸನೆಗಾ ಮೇಡಮ್ ಎಂದು ಎಂಟನೇ ತರಗತಿಯ ಮೌನಿಕಾ ಮೆಲ್ಲಗೆ ಕೇಳಿದಳು. ಆ ಹುಡುಗಿಯ ಕಣ್ಣು ತುಂಬಿದ್ದೇ ತಡ, ಜ್ಯೋತಿಲಕ್ಷ್ಮಿಗೆ ತಡೆಯಲಾಗಲಿಲ್ಲ.

"ಮೋರೀಗಿಳ್ದು ಕೆಲ್ಸ ಮಾಡಿದ್ರೆ ಮಲ್ಲಿಗೆ ವಾಸ್ನೆ ಬತ್ತದಾ ಸಾರ್? ಮೂಗು ಮುಚ್ಕೊಳ್ಳೋರು ಈ ಮಕ್ಳಿಗೆ ಯಾಕೆ ಪಾಠ ಹೇಳಿದ್ರಿ?"

ಅವನು ತಬ್ಬಿಬ್ಬಾದ.

"ವಾಸ್ನೆಗಲ್ಲ ಕಣ್ರೀ. ಒಳಗೆ ನೀರೆಲ್ಲೈತೆ? ಆಚೆ ಮೋರಿ ಹರೀತೈತೆ. ಹರಿಯೋ ನೀರಲ್ಲಿ ನೋಡ್ದೆ ಮಾರ್ಕ್ಸ್ ಹೆಂಗೆ ಹಾಕ್ಲಿ?"

ಅಂದವನೇ ಪ್ಯಾಂಟು ಮಡಿಸಿ ಮೋರಿಗಿಳಿದ. ಹುಡುಗಿಯರು ಬಲೆ ಬಿಟ್ಟರು. ಹತ್ತೇ ನಿಮಿಷ... ಗುಟ್ಕಾ ಚೀಟಿ, ಮೊಸರಿನ ಪಾಕೀಟು, ಒಂಟಿ ಚಪ್ಪಲಿ ಎಲ್ಲ ಬಂದು ಸಿಕ್ಕಿಕೊಂಡವು.

ಉಳಿದಿಬ್ಬರು ಹೊಸ್ತಿಲು ದಾಟಲೇ ಇಲ್ಲ. ಮೊದಲ ಬಹುಮಾನ ಥರ್ಮಾಕೋಲಿಗೇ ಹೋಯಿತು! ಕಣ್ಣಿಂದ ನೋಡದೆ ಕೊಟ್ಟ ತೀರ್ಪಿಗೆ ನನ್ನ ರುಜು ಬೀಳುವುದಿಲ್ಲ ಎಂದು ಮುರಳಿಕೃಷ್ಣ ಹಾಳೆಯನ್ನು ಹಿಂದಕ್ಕೆ ತಳ್ಳಿದ. ಮುಂದಿನ ವರ್ಷ ನಿಮ್ಮನ್ನು ಕರೆಯುವುದಿಲ್ಲ ಎಂದು ಪ್ರದರ್ಶನ ನಡೆಸುವವರು ಮುಖಕ್ಕೇ ಹೇಳಿದರು.

ಮೌನಿಕಾ ಮಾತ್ರ ಬಲೆ ಬಿಚ್ಚಲು ಒಪ್ಪಲಿಲ್ಲ. ಬಹುಮಾನ ಅವರೇ ಇಟ್ಟುಕೊಳ್ಳಲಿ, ಇದು ಇಲ್ಲೇ ಕೆಲಸ ಮಾಡಲಿ ಅಂದಳು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಜ್ಯೋತಿಲಕ್ಷ್ಮಿ ತಲೆ ತಗ್ಗಿಸಿದಳು.

"ತಪ್ಪು ತಿಳ್ಕೊಂಬುಟ್ಟೆ ಸಾರ್..."

"ಬೈದಿದ್ದೇ ಒಳ್ಳೇದಾಯ್ತು. ನಿಮ್ ಮನ್ಸಲ್ಲಿ ಈ ಮಕ್ಳ ಮೇಲೆ ಎಷ್ಟು ಪ್ರೀತಿ ಐತೆ ಅಂತ ತಿಳೀತು." ಅವನ ದನಿ ತಗ್ಗಿತು. "ಪ್ರಾಜೆಕ್ಟ್ ಮುಗೀತು. ಇನ್ಮೇಲೆ ಫೋನ್ ಮಾಡೋಕೆ ನಾನೇನು ನೆಪ ಹೇಳ್ಲಿ?"

ಕಲ್ಯಾಣದುರ್ಗದ ಬಸ್ಸು ಹೊರಡುತ್ತಿತ್ತು. ಅವಳು ಕತ್ತೆತ್ತಿ ಅವನನ್ನೇ ನೋಡಿದಳು.

"ಫೋನ್ ಯಾಕೆ... ಭಾನುವಾರ ಮನೇಗೇ ಬನ್ನಿ. ನಮ್ಮಪ್ಪ ಇರ್ತಾರೆ."