ಬೇಕೆಂದೇ ಕೆಡಿಸಿದ ಫೋಟೋ

ಮಳೆ ಹಿಂದೆಗೆದು ಚಳಿ ಮೆಲ್ಲಗೆ ಕಾಲೂರುತ್ತಿದ್ದ ದಿನಗಳು. ನರ್ಸರಿಯಲ್ಲಿ ಬೆಳಗಿನಿಂದಲೇ ಅಕ್ಕ ಮಣ್ಣು, ಮರಳು, ಗೊಬ್ಬರ ಕಲೆಸಿ ರಾಶಿ ಹಾಕುತ್ತಿದ್ದಳು. ತಂಗಿ ಅದನ್ನು ಕಪ್ಪು ಚೀಲಗಳಿಗೆ ತುಂಬಿ, ತಳವನ್ನು ನೆಲಕ್ಕೆ ಕುಟ್ಟಿ, ಸಾಲಾಗಿ ನಿಲ್ಲಿಸುತ್ತಿದ್ದಳು. ಕೈ ಮಣ್ಣಿನಲ್ಲಿ, ಕಣ್ಣು ಮಾತ್ರ ಗುಲಾಬಿ ಮಡಿಯ ಅಂಚಿನ ಹುಲ್ಲಿನ ಮೇಲೆ. ಅಲ್ಲೊಂದು ಏರೋಪ್ಲೇನ್ ಚಿಟ್ಟೆ ಮೈತುಂಬ ಇಬ್ಬನಿ ಹೊತ್ತು ಬಿಸಿಲಿಗಾಗಿ ಕಾಯುತ್ತಿತ್ತು.

"ಹೋಗೇ, ತಗೊಂಡು ಬಾ. ಇಲ್ಲಾಂದ್ರೆ ಮಣ್ಣಿನ ಬದಲು ಚೀಲಕ್ಕೆಲ್ಲ ನಿಟ್ಟುಸಿರು ತುಂಬ್ತೀಯ," ಎಂದಳು ಅಕ್ಕ.

ತಂಗಿ ಹುಲ್ಲಿನಲ್ಲಿ ಬೋರಲಾಗಿ ಮಲಗಿ, ಮೊಬೈಲಿಗೆ ಸಿಕ್ಕಿಸಿದ ಪುಟ್ಟ ಲೆನ್ಸನ್ನು ಚಿಟ್ಟೆಯ ಮುಖದ ಹತ್ತಿರ ತಂದಳು.

ಆ ಲೆನ್ಸು ಪೇಟೆಯ ಕನ್ನಡಕದಂಗಡಿಯವನು ಉಜ್ಜಿ, ಕ್ಲಿಪ್ಪಿಗೆ ಕೂರಿಸಿ ಕೊಟ್ಟದ್ದು. "ಹೂವಿನೊಳಗಿನ ಹುಳು ಕಾಣೋ ಹಾಗೆ ಏನಾದ್ರೂ ಮಾಡ್ಕೊಡಿ," ಎಂದು ಅವಳು ಕೇಳಿದ ದಿನದಿಂದ ಅವನ ಬಾಯಲ್ಲಿ ಅವಳ ಹೆಸರೇ ಹುಳ. ಅವಳು ತೆಗೆದದ್ದನ್ನೆಲ್ಲ ಅವನಿಗೆ ತೋರಿಸಬೇಕು. ಅವನು ತನ್ನ ಕನ್ನಡಕವನ್ನು ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಬಾಗಿ ನೋಡಬೇಕು.

"ಏನಮ್ಮಾ ಹುಳಾ, ಇದರ ಹಿಂಗಾಲೆಲ್ಲಿ? ಅಡ ಇಟ್ಟು ಬಂದಿದೆಯಾ?"

"ಫ್ರೇಮಿನಾಚೆ ಇದೆ."

"ರೆಕ್ಕೆ ಸ್ಪಷ್ಟ, ಕಣ್ಣು ಮಸುಕು. ಮಾತಾಡುವಾಗ ನನ್ನ ಕಣ್ಣು ಬಿಟ್ಟು ಕಿವಿ ನೋಡ್ತೀಯ ನೀನು?"

"ನೋಡೋಕೆ ಕಿವಿಯಾದ್ರೂ ಚೆನ್ನಾಗಿರಬೇಕಲ್ಲ."

ಆಗ ಆ ಕಿವಿ ಕೆಂಪಾಗುತ್ತಿತ್ತು. ಹೊಗಳುವುದಕ್ಕೆ ಒಂದು ನೋಟ ಸಾಕು. ತಪ್ಪು ಹುಡುಕಬೇಕಾದರೆ ಅಷ್ಟು ಹೊತ್ತು ನೋಡಬೇಕು. ಅವಳು ಮನಸ್ಸು ಕೊಟ್ಟದ್ದು ಆ ನೋಡುವಿಕೆಗೆ.

ಈಚೆಗೆ ಅವನಿಗೆ ಏನೋ ಆಗಿತ್ತು. ಜೇಡದ ಫೋಟೋಗೂ ಚೆನ್ನಾಗಿದೆ, ಇರುವೆಗೂ ಚೆನ್ನಾಗಿದೆ, ಎಲೆಯ ತುದಿಯ ಹನಿಗೂ ಚೆನ್ನಾಗಿದೆ. ಅಷ್ಟೇ.

ಅದಕ್ಕೇ ಇಂದು ಅವಳು ಫೋನನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿದಳು. ಚಿಟ್ಟೆಯ ಕಣ್ಣುಗಳು ಕರಗಿದವು. ಹುಲ್ಲಿನ ಗರಿಯೊಂದು ಮುಖಕ್ಕೆ ಅಡ್ಡ ಬರುವಂತೆ ಹಿಡಿದು ಒತ್ತಿದಳು. ಇಷ್ಟು ಚಂದದ್ದನ್ನು ಕೈಯಾರೆ ಕೆಡಿಸಿದ್ದಾಯಿತು. ಅವನು ಒಂದು ಸಲ ಬೈದುಬಿಡಲಿ, ಸಾಕು.

ಮಧ್ಯಾಹ್ನ ಅವಳು ಅಂಗಡಿಗೆ ಹೋದಾಗ ಅವನು ಯಾರದೋ ಕನ್ನಡಕಕ್ಕೆ ತಿರುಪು ಹಾಕುತ್ತಿದ್ದ. ಫೋಟೋ ನೋಡಿದ, ಕನ್ನಡಕ ಹಣೆಗೇರಲಿಲ್ಲ.

"ತುಂಬಾ ಚೆನ್ನಾಗಿ ಬಂದಿದೆ."

"ಕಣ್ಣೆಲ್ಲಿದೆ ಅದರಲ್ಲಿ?"

ಅವನ ಕೈ ನಿಂತಿತು.

"ಬೇಕಂತಲೇ ಕೆಡಿಸಿ ತಂದೆ. ಬೈತೀರೇನೋ ಅಂತ ಆಸೆಯಿತ್ತು."

ಅವನು ಆ ಚಿಕ್ಕ ತಿರುಪನ್ನು ಮೇಜಿನ ಮೇಲಿಟ್ಟ. "ಅಮ್ಮ ಮಾತು ಕೊಟ್ಟುಬಿಟ್ಟಿದ್ದಾಳೆ," ಎಂದ. "ಅಪ್ಪನ ಸ್ನೇಹಿತರ ಮಗಳು. ನಾನೂ... ಹೂಂ ಅಂದೆ."

"ಯಾವಾಗ?"

"ನೀನು ಜೇಡದ ಫೋಟೋ ತಂದೆಯಲ್ಲ, ಅದರ ಹಿಂದಿನ ದಿನ."

"ಬಾಯಿಬಿಟ್ಟು ಹೇಳೋಕೆ ಏನು ದಾಡಿಯಾಗಿತ್ತು?"

"ನನ್ನದೇ ಬೆಟ್ಟದಷ್ಟು ತಪ್ಪಿರುವಾಗ ನಿನ್ನ ಫೋಟೋದಲ್ಲಿ ಯಾವ ಬಾಯಿಂದ ತಪ್ಪು ತೆಗೀಲಿ?"

ಗಿರಾಕಿಗಳನ್ನು ಕೂರಿಸಿ ಅಕ್ಷರ ಓದಿಸುವ ಸ್ಟೂಲಿನ ಮೇಲೆ ಅವಳು ಕೂತಳು.

"ಮೂರು ಫೋಟೋಗಳ ಮಾತು ಬಾಕಿ ಇದೆ. ಈಗಲೇ ತೀರಿಸಿ. ಮದುವೆ ಊಟದ ಜೊತೆ ಸೇರಿಸ್ತೀನಿ ಅನ್ನಬೇಡಿ."

ಅವನು ಫೋನ್ ತೆಗೆದುಕೊಂಡ. ಕನ್ನಡಕ ಹಣೆಗೇರಿತು.

"ಜೇಡದ್ದು... ಹಿಂದೆಲ್ಲ ಗಲೀಜು. ಬಲೆ ಕಾಣೋದೇ ಇಲ್ಲ. ಇನ್ನೊಂಚೂರು ಕೆಳಗೆ ಮಲಗಬೇಕಿತ್ತು." ದನಿ ಒರಟಾಗಿತ್ತು. "ಇರುವೆ ಅವಸರದ್ದು. ಯಾರೋ ಕರೆದಿರಬೇಕು."

"ಅಕ್ಕ. ನೀರು ಬಿಡು ಅಂತ ಅರಚಿದ್ಲು."

"ಇರುವೆಗೂ ಕೇಳಿಸಿದೆ. ಗಾಬರಿಯಾಗಿದೆ ನೋಡು, ಪಾಪ."

ಇಬ್ಬರೂ ನಕ್ಕರು, ಮೊದಲಿನ ಹಾಗೆಯೇ. ನಕ್ಕದ್ದು ತಿಳಿದೊಡನೆ ಇಬ್ಬರೂ ಬೇರೆ ಬೇರೆ ಕಡೆ ನೋಡಿದರು.

ಮೂರನೆಯದು ಎಲೆಯ ತುದಿಯ ಹನಿ. ಅದರೊಳಗೆ ಇಡೀ ನರ್ಸರಿ ತಲೆಕೆಳಗಾಗಿ ನಿಂತಿತ್ತು. ಅವನು ಉಸಿರು ಹಿಡಿದು ನೋಡಿದ.

"ಇದರಲ್ಲಿ ತಪ್ಪಿಲ್ಲ," ಎಂದ. "ಒಂದೂ ಇಲ್ಲ."

ಅವಳು ಅವನ ಮುಖ ನೋಡಿದಳು. ಇದು ಕಣ್ಣಾರೆ ಕಂಡು ಆಡಿದ ಮಾತೋ, ಬಿಟ್ಟು ಹೋಗುವವನು ಕೈಗಿಟ್ಟ ಸಮಾಧಾನವೋ? ಅಷ್ಟು ಹತ್ತಿರದಿಂದ ನೋಡಿದರೂ ತಿಳಿಯಲಿಲ್ಲ. ತಾನು ತೆಗೆದದ್ದರಲ್ಲೆಲ್ಲ ಬಹುಶಃ ಇದೇ ಒಳ್ಳೆಯದು. ಹಾಗೆಂದು ಹೇಳಿದರೆ ನಂಬಬಹುದಾಗಿದ್ದವನು ಇವನೊಬ್ಬನೇ.

"ಇನ್ನೊಂದ್ಸಲ ನೋಡಿ ಹೇಳಿ."

ಅವನು ಮತ್ತೆ ನೋಡಿದ. "ಇಲ್ಲ ಕಣೇ. ನಿಜವಾಗ್ಲೂ ಇಲ್ಲ."

ಅವಳು ಕೈ ಚಾಚಿ ಫೋನ್ ತೆಗೆದುಕೊಂಡಳು.

"ಹಾಗಾದ್ರೆ ಇದೊಂದು ಬಾಕಿನೇ ಇರಲಿ," ಎಂದು ಅಂಗಡಿಯ ಮೆಟ್ಟಿಲಿಳಿದಳು.