ಸುಡದೆ ಉಳಿದ ಪಟ

ಹನ್ನೊಂದು ವರ್ಷದ ಮೇಲೆ ಆ ಸಿನಿಮಾವನ್ನು ತೈನಾನ್ ನಗರದ ಹಳೆಯ ಥಿಯೇಟರಿನಲ್ಲಿ ಮತ್ತೆ ಹಾಕಿದ್ದರು. ಮಧ್ಯಾಹ್ನದ ಆಟ, ಇಪ್ಪತ್ತೆರಡು ಜನ. ಕಾದಂಬರಿಕಾರನೊಬ್ಬ ಬರೆದ ಸಾವುಗಳೆಲ್ಲ ಊರಿನಲ್ಲಿ ನಿಜವಾಗುತ್ತ ಹೋಗುವ ಕಥೆ. ಅಂದು ಒಂದೇ ವಾರ ಓಡಿತ್ತು. ಈಗ ನೋಡಿದವರು, ಇಂಥದ್ದನ್ನು ಆಗ ಹೇಗೆ ಬಿಟ್ಟೆವೋ ಎಂದುಕೊಳ್ಳುತ್ತ ಹೊರಬಂದರು.

ಪೈಲಿಂಗ್ ಕೊನೆಗೆ ಎದ್ದಳು. ಆ ಚಿತ್ರದ ಶೂಟಿಂಗಿನ ಸಾಮಾನು ಸರಂಜಾಮೆಲ್ಲ ಅಂದು ಅವಳ ವಶದಲ್ಲಿತ್ತು. ಬಾಗಿಲ ಬಳಿ ಜೆನ್‌ಹೋ ನಿಂತಿದ್ದ. ಚಿತ್ರದಲ್ಲಿ ಮೊದಲು ಸಾಯುವವನ ಪಾತ್ರ ಮಾಡಿದವನು.

"ನಾನು ಸತ್ತಾಗ ಅತ್ರಾ?"

"ನಿದ್ದೆ ಬಂತು," ಎಂದಳು.

ಅವನು ನಕ್ಕ. ನಡೆಯುವಾಗ ಎಡಗಾಲು ಎಳೆಯುತ್ತಿತ್ತು. ಅವಳು ಅದನ್ನು ನೋಡದಂತೆ ನೋಡಿದಳು.

ಸಿನಿಮಾದವರಲ್ಲೊಂದು ನಂಬಿಕೆ: ಸತ್ತವನಾಗಿ ನಟಿಸಿದವನ ಪಟಕ್ಕೆ ಶೂಟಿಂಗಿನಲ್ಲಿ ಕಪ್ಪು ಪಟ್ಟಿ ಕಟ್ಟಿ ಧೂಪ ಹಚ್ಚಿದರೆ, ಕೆಲಸ ಮುಗಿದ ದಿನವೇ ಅದನ್ನು ಅವನ ಕಣ್ಣೆದುರು ಸುಡಬೇಕು. ಅವನು ಗಟ್ಟಿಯಾಗಿ ನಗಬೇಕು. ಇಲ್ಲದಿದ್ದರೆ ಕಥೆಯ ಸಾವು ಮನುಷ್ಯನ ಬೆನ್ನು ಹತ್ತುತ್ತದೆ. ಪೈಲಿಂಗ್ ಅಂದು ಜೆನ್‌ಹೋನ ಪಟ ಬಚ್ಚಿಟ್ಟುಕೊಂಡು, ಲಕೋಟೆಯಲ್ಲಿ ಬರೀ ಕಾಗದ ಇಟ್ಟು ಸುಟ್ಟಿದ್ದಳು. ಆ ಪಟ ತೆಗೆದವಳು ಅವಳೇ. ಅದರಲ್ಲಿ ಅವನು ನಕ್ಕದ್ದು ಅವಳನ್ನು ನೋಡಿ.

ಆಮೇಲೆ ಅವನ ಸ್ಕೂಟರ್ ಲಾರಿಗೆ ಸಿಕ್ಕಿತು. ಗೊತ್ತಾಗಿದ್ದ ಮದುವೆ ಮುರಿಯಿತು. ಸಿನಿಮಾ ಇನ್ನೂ ಮುಗಿದಿಲ್ಲ ಎಂದು ತಂಡದವರು ತಮಾಷೆ ಮಾಡಿದಾಗಲೆಲ್ಲ ಅವಳು ಎದ್ದು ಹೋಗುತ್ತಿದ್ದಳು. ಹೇಳಿದರೆ ಅವನು ಮತ್ತೆ ತನ್ನ ಮುಖ ನೋಡಲಾರ. ಹೇಳದಿದ್ದರೆ ಅವನಿಗೆ ಇನ್ನೇನು ಕಾದಿದೆಯೋ.

ಥಿಯೇಟರಿನ ಪಕ್ಕದ ಮಾಜು ದೇವಿಯ ಗುಡಿಗೆ ಅವನನ್ನು ಕರೆದೊಯ್ದು, ಹರಕೆಯ ಕಾಗದ ಸುಡುವ ಒಲೆಯ ಮುಂದೆ, ಅವಳು ಚೀಲದಿಂದ ಪಟ ತೆಗೆದು ಎಲ್ಲವನ್ನೂ ಹೇಳಿದಳು.

"ಗೊತ್ತಿತ್ತು," ಎಂದ ಜೆನ್‌ಹೋ. "ಫೋಟೋ ಸುಟ್ರೆ ಘಾಟು ಬರತ್ತೆ. ಅವತ್ತು ಬರ್ಲಿಲ್ಲ."

"ಮತ್ತೆ ಕೇಳ್ಲಿಲ್ಲ ಯಾಕೆ?"

"ಕೇಳಿದ್ರೆ ಸುಟ್ಟುಬಿಡ್ತಿದ್ರಿ."

ಲಾರಿಯವನಿಗೆ ತೂಕಡಿಕೆ ಬಂದಿತ್ತು, ಪಟಕ್ಕೂ ಅದಕ್ಕೂ ಏನೂ ಇಲ್ಲ ಎಂದ. ಮದುವೆ ಬೇಡವೆಂದದ್ದು ತಾನೇ. ಆಮೇಲೆ ಕಾಲೆಳೆದುಕೊಂಡು ಬಂದು ಪೈಲಿಂಗಳನ್ನು ಮದುವೆಗೆ ಕೇಳಿದರೆ ಅವಳು ಕನಿಕರಕ್ಕೆ ಒಪ್ಪಿಯಾಳು ಎಂದು ಸುಮ್ಮನಿದ್ದ.

"ಇಡೀ ಸಿನಿಮಾದಲ್ಲಿ ನಾನು ನಟನೆ ಮಾಡದೆ ಇದ್ದದ್ದು ಇದೊಂದು ಪಟದಲ್ಲೇ, ಪೈಲಿಂಗ್."

ಅವಳು ಒಲೆಯ ಹತ್ತಿರ ಸರಿದಳು. "ಆದ್ರೂ ಸುಡ್ಬೇಕು. ನನಗೆ ಭಯ."

"ಸುಡು. ಮೊದಲು ಇನ್ನೊಂದು ತೆಗಿ."

ಅವಳು ಫೋನ್ ಎತ್ತಿದಳು. ಮೊದಲನೆಯದು ಕೆಟ್ಟಿತು; ಎರಡನೆಯದು ಸರಿಬಂತು. ಆಮೇಲೆ ಹಳೆಯ ಪಟವನ್ನು ಬೆಂಕಿಗೆ ಹಾಕಿದಳು. ಘಾಟು ಎದ್ದಿತು. ಅಂಗಳ ಗುಡಿಸುತ್ತಿದ್ದ ಅಜ್ಜಿ ಮೂಗು ಮುಚ್ಚಿಕೊಂಡು ಇಬ್ಬರನ್ನೂ ಬೈದಳು.

"ಈಗ ನಗ್ಬೇಕು," ಎಂದು ಪೈಲಿಂಗ್ ನೆನಪಿಸಿದಳು.

ಅವನು ಆಗಲೇ ನಗುತ್ತಿದ್ದ.